ಮೈಸೂರಲ್ಲಿ ಓಡಿದ ವಿಎಂ ಮಂಡ್ಯದಲ್ಲಿ ಯಾಕೆ ಬಿತ್ತು

ಮಂಡ್ಯದ ಎಪಿಎಂಸಿ ಯಾರ್ಡಿನಲ್ಲಿ ನನಗೊಬ್ಬರು ಹಳೇ ಗಿರಾಕಿ ಇದ್ದಾರೆ. ಬೆಲ್ಲದ ಮಂಡಿ. ಅವರ ಮೇಜಿನ ಕೆಳಗೆ ಒಂದು ಪೆಂಟಿಯಂ 4 ಇತ್ತು. 512 ಎಂಬಿ ರ್‍ಯಾಮ್, 40 ಜಿಬಿ ಐಡಿಇ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಪ್ರತಿ ವರ್ಷದ ಆಯುಧಪೂಜೆಯ ಕುಂಕುಮ ಒಂದರ ಮೇಲೊಂದು ಕೂತು ಪವರ್ ಬಟನ್ನೇ ಕೆಂಪಾಗಿ ಹೋಗಿತ್ತು. ಆ ಪೆಟ್ಟಿಗೆ ನಿಂತರೆ ಮಂಡಿಯ ಕೆಲಸ ನಿಂತ ಹಾಗೆ. ತಕ್ಕಡಿಯ ತೂಕ ಸೀರಿಯಲ್ ಕೇಬಲ್ಲಿನಲ್ಲಿ ಅದಕ್ಕೇ ಬರುತ್ತೆ. ರೈತರ ಹೆಸರು, ಅಚ್ಚು ಬೆಲ್ಲವೋ ಕುರಿಕಟ್ಟೋ, ಎಷ್ಟು ಕೆಜಿ, ಹಮಾಲಿ ಎಷ್ಟು ಕಳೆಯಬೇಕು, ಎಲ್ಲ ಸೇರಿ ಕನ್ನಡದಲ್ಲೇ ಚೀಟಿ ಹೊರಬರುತ್ತೆ.

ಅದು ಒಂದು ತಿಂಗಳಿಂದ ತಾನಾಗೇ ಆಫ್ ಆಗುತ್ತಿತ್ತು. ಬಿಚ್ಚಿ ನೋಡಿದೆ. ಪ್ರೊಸೆಸರ್ ಪಕ್ಕದ ಐದು ಕೆಪಾಸಿಟರ್ ಉಬ್ಬಿದ್ದವು. ಒಂದರ ತಲೆ ಒಡೆದು ಕಂದು ಬಣ್ಣದ ಅಂಟು ಹೊರಗೆ ಬಂದಿತ್ತು. ಕೆಪಾಸಿಟರ್ ಬದಲಾಯಿಸಬಹುದಿತ್ತು, ನಿಜ. ಆದರೆ ಡಿಸ್ಕ್ ಕೂಡ ಆಗಾಗ ಟಿಕ್ ಟಿಕ್ ಅನ್ನುತ್ತಿತ್ತು. ಇನ್ನು ಇದನ್ನು ಎಳೆದಾಡೋದು ಬೇಡ ಅಂದೆ.

ಸಾಫ್ಟ್‌ವೇರ್ ಬರೆದವರು ಈಗ ಸಿಗುವುದಿಲ್ಲ. ವಿಷುಯಲ್ ಬೇಸಿಕ್ 6ರಲ್ಲಿ ಮಾಡಿದ್ದು, ಆಕ್ಸೆಸ್ ಡೇಟಾಬೇಸ್, ಸೋರ್ಸ್ ಕೋಡ್ ಇಲ್ಲ. ಹೆಸರುಗಳೆಲ್ಲ ಹಳೇ ನುಡಿ ಫಾಂಟಿನ ಲೆಕ್ಕದಲ್ಲಿ ಕೂತಿವೆ, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ರೈತರ ಹೆಸರಿನ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಹಾಗಾಗಿ ದಾರಿ ಒಂದೇ. ಹಳೇ ಎಕ್ಸ್‌ಪಿಯನ್ನು ಇದ್ದ ಹಾಗೇ ಎತ್ತಿ, ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮಷೀನ್ (ವಿಎಂ) ಮಾಡಿ ಕೂರಿಸುವುದು, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲೇ ಮಾಡಿದ ಇನ್ನೊಂದು ಕಂಪ್ಯೂಟರ್. ಯಜಮಾನರು ಅಷ್ಟರಲ್ಲಿ ಹೊಸದನ್ನು ತೆಗೆದುಕೊಂಡೂ ಆಗಿತ್ತು. ರೈಜನ್ 5, 16 ಜಿಬಿ ರ್‍ಯಾಮ್, ವಿಂಡೋಸ್ 11, ಅದರಲ್ಲಿ ಟ್ಯಾಲಿ.

ಇಲ್ಲಿ ಒಂದು ಮಾತು ಗುರುತಿಟ್ಟುಕೊಳ್ಳಿ. ಹಳೇದರ ಪ್ರೊಸೆಸರ್ ಇಂಟೆಲ್ ಕಂಪನಿಯದ್ದು, ಹೊಸದರದ್ದು ಎಎಂಡಿಯದ್ದು. ನಾನು ಗುರುತಿಟ್ಟುಕೊಳ್ಳಲಿಲ್ಲ. ಆಮೇಲೆ ಆದದ್ದೆಲ್ಲ ಅದರಿಂದಲೇ.

ಡಿಸ್ಕ್ ಬಿಚ್ಚುವ ಮುಂಚೆ ಹಳೇ ಮಷೀನಿನಲ್ಲೇ ಒಂದು ಕೆಲಸ ಮಾಡಿಕೊಂಡೆ. ಎಕ್ಸ್‌ಪಿಗೆ ಬೂಟ್ ಆಗುವಾಗ ತನ್ನ ಐಡಿಇ ಕಂಟ್ರೋಲರ್, ಅಂದರೆ ಡಿಸ್ಕ್ ನೋಡಿಕೊಳ್ಳುವ ಚಿಪ್, ಯಾವುದು ಅಂತ ಮೊದಲೇ ಗೊತ್ತಿರಬೇಕು. ಬೇರೆ ಕಂಟ್ರೋಲರ್ ಸಿಕ್ಕರೆ 7ಬಿ ಅನ್ನುವ ಸ್ಟಾಪ್ ಕೋಡ್ ಎಸೆದು ನೀಲಿ ಪರದೆ ತೋರಿಸುತ್ತೆ. ಅದಕ್ಕೆ ಮರ್ಜ್‌ಐಡಿಇ ಅಂತ ಒಂದು ಸಣ್ಣ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗ) ಫೈಲ್ ಬಹಳ ಹಿಂದಿನಿಂದ ಓಡಾಡುತ್ತಿದೆ. ಸಾಮಾನ್ಯವಾಗಿ ಸಿಗುವ ಐಡಿಇ ಕಂಟ್ರೋಲರ್‌ಗಳ ಹೆಸರನ್ನೆಲ್ಲ ರಿಜಿಸ್ಟ್ರಿಗೆ ತುಂಬುತ್ತೆ, ಅಷ್ಟೇ. ಈ ಪೆಟ್ಟನ್ನು ನಾನು ಹಿಂದೆ ತಿಂದಿದ್ದೆ, ಅದಕ್ಕೇ ಮರೆಯಲಿಲ್ಲ. ಹಂಗೇ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ, ಕ್ರ್ಯಾಶ್ ಆದರೆ ತಾನಾಗೇ ರೀಸ್ಟಾರ್ಟ್ ಆಗು ಅನ್ನುವ ಟಿಕ್ ಮಾರ್ಕನ್ನೂ ತೆಗೆಯಬೇಕಿತ್ತು. ಅದನ್ನು ಮರೆತೆ.

ಡಿಸ್ಕನ್ನು ಮೈಸೂರಿಗೆ ತಂದೆ. ಸರಸ್ವತಿಪುರಂನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ವರ್ಕ್‌ಶಾಪ್. ಐಡಿಇಯಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಹಾಕಿ, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಓಡಿಸಿದೆ. ಸುಮ್ನೆ ಡಿಡಿ (ಡಿಸ್ಕ್ ನಕಲು ಮಾಡುವ ಕಮಾಂಡ್) ಹೊಡೆದರೆ ಕೆಟ್ಟ ಸೆಕ್ಟರ್ ಸಿಕ್ಕ ಕಡೆ ನಿಂತುಬಿಡುತ್ತೆ. ಡಿಡಿರೆಸ್ಕ್ಯೂ ಮೊದಲು ಚೆನ್ನಾಗಿರುವ ಜಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಮತ್ತೆ ಮತ್ತೆ ಹೋಗುತ್ತೆ. ಎಲ್ಲ ಮುಗಿಯುವಷ್ಟರಲ್ಲಿ ಊಟ ಆಗಿತ್ತು. ನಾಲ್ಕು ಸೆಕ್ಟರ್ ಮಾತ್ರ ಓದಲಾಗಲಿಲ್ಲ. ಆ ಜಾಗದಲ್ಲಿ ಯಾವ ಫೈಲೂ ಇರಲಿಲ್ಲ, ಬದುಕಿದೆ. ಆಮೇಲೆ ಆ ಇಮೇಜನ್ನು, ವಿಎಂ ಓಡಿಸುವ ಸಾಫ್ಟ್‌ವೇರ್ ಆದ ವರ್ಚುವಲ್‌ಬಾಕ್ಸಿನ ವಿಡಿಐ ಫೈಲ್, ಅಂದರೆ ವಿಎಂಗೆ ಡಿಸ್ಕಿನಂತೆ ಕಾಣುವ ಫೈಲ್, ಮಾಡಿದೆ. 40 ಜಿಬಿ ಡಿಸ್ಕ್ ಅಂದರೂ ಫೈಲ್ ಬಂದದ್ದು 11 ಜಿಬಿ ಅಷ್ಟೇ.

ವಿಎಂ ಮಾಡುವಾಗ ಐ/ಓ ಎಪಿಕ್ (ಸಾಧನಗಳ ಕರೆಯನ್ನು ಪ್ರೊಸೆಸರಿಗೆ ತಲುಪಿಸುವ ಚಿಪ್) ಅನ್ನುವ ಆಯ್ಕೆ ಆನ್ ಮಾಡಿದೆ. ಹಳೇ ಮಷೀನಿನ ಡಿವೈಸ್ ಮ್ಯಾನೇಜರಿನಲ್ಲಿ ಎಸಿಪಿಐ ಯೂನಿಪ್ರೊಸೆಸರ್ ಪಿಸಿ ಅಂತ ಇತ್ತು. ಆ ಥರದ ಎಕ್ಸ್‌ಪಿಗೆ ಐ/ಓ ಎಪಿಕ್ ಬೇಕೇ ಬೇಕು. ಇಲ್ಲದಿದ್ದರೆ ಕಪ್ಪು ಪರದೆಯಲ್ಲೇ ನಿಂತುಬಿಡುತ್ತೆ.

ಮೊದಲ ಬೂಟ್. ವಿಂಡೋಸ್ ಲೋಗೋ ಬಂತು, ಕೆಳಗಿನ ನೀಲಿ ಪಟ್ಟಿ ಓಡಿತು, ನಿಂತಿತು. ನೀಲಿ ಪರದೆಯೂ ಇಲ್ಲ, ಏನೂ ಇಲ್ಲ. ಎಫ್8 ಒತ್ತಿ ಸೇಫ್ ಮೋಡಿಗೆ ಹೋದರೆ ಫೈಲುಗಳ ಹೆಸರು ಒಂದೊಂದಾಗಿ ಇಳಿದು, ಮಪ್ ಡಾಟ್ ಸಿಸ್ ಅನ್ನುವ ಸಾಲಿನಲ್ಲಿ ಕೂತುಬಿಟ್ಟಿತು.

ಈ ಮಪ್ ಡಾಟ್ ಸಿಸ್ ಪಾಪದ ಫೈಲ್. ಎಕ್ಸ್‌ಪಿ ಎಲ್ಲಿ ನಿಂತರೂ ಕೊನೇ ಸಾಲಿನಲ್ಲಿ ಇದರ ಹೆಸರೇ ಇರುತ್ತೆ, ಎಲ್ಲರೂ ಇದನ್ನೇ ಬಯ್ಯುತ್ತಾರೆ. ಪರದೆ ಮೇಲೆ ಕಾಣುವುದು ಮೆಮೊರಿಗೆ ಬಂದ ಫೈಲುಗಳ ಪಟ್ಟಿ. ಅದರಲ್ಲಿ ಮಪ್ ಕೊನೆಯದು. ನಿಂತಿರುವುದು ಅದರ ನಂತರ, ಬಂದ ಡ್ರೈವರುಗಳು ಒಂದೊಂದಾಗಿ ಕೆಲಸ ಶುರುಮಾಡುವಾಗ. ಇಲ್ಲಿ ಕಳ್ಳ ಎಜಿಪಿ440. ಹಳೇ ಬೋರ್ಡಿನಲ್ಲಿ ಎಜಿಪಿ ಸ್ಲಾಟ್ (ಗ್ರಾಫಿಕ್ಸ್ ಕಾರ್ಡ್ ಹಾಕುವ ಜಾಗ) ಇತ್ತು, ಅದರ ಡ್ರೈವರ್ ಇದು. ವರ್ಚುವಲ್‌ಬಾಕ್ಸಿನಲ್ಲಿ ಎಜಿಪಿ ಇಲ್ಲವೇ ಇಲ್ಲ.

ಸೇಫ್ ಮೋಡೂ ಬರದಿದ್ದಾಗ ರಿಜಿಸ್ಟ್ರಿಯನ್ನು ಹೊರಗಿನಿಂದ ತಿದ್ದಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಕಾಗುತ್ತೆ. ಇನ್ನೊಂದು ವಿಂಡೋಸ್ ವಿಎಂ ಇದ್ದರೆ, ಈ ವಿಡಿಐಯನ್ನು ಅದಕ್ಕೆ ಎರಡನೇ ಡಿಸ್ಕ್ ಆಗಿ ಸೇರಿಸಿ. ಅಲ್ಲಿ ರೆಜ್‌ಎಡಿಟ್ ತೆಗೆದು, ಎಚ್‌ಕೀ ಲೋಕಲ್ ಮಷೀನ್ ಮೇಲೆ ಕ್ಲಿಕ್ ಮಾಡಿ, ಫೈಲ್ ಮೆನುವಿನ ಲೋಡ್ ಹೈವ್ ಒತ್ತಿ. ಎರಡನೇ ಡಿಸ್ಕಿನ ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಫೋಲ್ಡರಿನಲ್ಲಿ ಸಿಸ್ಟಮ್ ಅಂತ ಬಾಲವಿಲ್ಲದ ಒಂದು ಫೈಲ್ ಇರುತ್ತೆ. ಅದನ್ನು ಆರಿಸಿ, ಏನಾದರೂ ಹೆಸರು ಕೊಡಿ. ನಾನು ಮಂಡಿ ಅಂತ ಕೊಟ್ಟೆ. ಈಗ ಒಳಗೆ ಹೋದರೆ ಕರೆಂಟ್ ಕಂಟ್ರೋಲ್ ಸೆಟ್ ಕಾಣುವುದಿಲ್ಲ. ಗಾಬರಿ ಬೇಡ. ಓಡುತ್ತಿರುವ ವಿಂಡೋಸಿನಲ್ಲಿ ಮಾತ್ರ ಅದು ಇರುತ್ತೆ. ಇಲ್ಲಿ ಕಂಟ್ರೋಲ್ ಸೆಟ್ 001, 002 ಅಂತ ಇರುತ್ತವೆ. ಯಾವುದು ನಿಜವಾದದ್ದು ಅಂತ ಸೆಲೆಕ್ಟ್ ಅನ್ನುವ ಕೀ ಒಳಗೆ ಕರೆಂಟ್ ಅನ್ನುವ ಸಂಖ್ಯೆ ಹೇಳುತ್ತೆ. 1 ಇದ್ದರೆ 001. ಅದರ ಸರ್ವೀಸಸ್ ಒಳಗೆ ಡ್ರೈವರಿನ ಹೆಸರು ಹುಡುಕಿ, ಸ್ಟಾರ್ಟ್ ಅನ್ನುವ ಬೆಲೆಯನ್ನು 4 ಮಾಡಿ. ಮುಗಿದ ಮೇಲೆ ಅನ್‌ಲೋಡ್ ಹೈವ್ ಮಾಡುವುದನ್ನು ಮರೆಯಬೇಡಿ.

ಸ್ಟಾರ್ಟ್ ಬೆಲೆಗಳ ಅರ್ಥ ಇಷ್ಟೇ. 0 ಅಂದರೆ ಬೂಟ್ ಲೋಡರೇ ಎತ್ತಿಕೊಂಡು ಬರುತ್ತೆ. 1 ಅಂದರೆ ಕರ್ನಲ್ (ವಿಂಡೋಸಿನ ತಿರುಳು) ಶುರುವಾಗುವಾಗ. 2 ತಾನಾಗೇ, 3 ಯಾರಾದರೂ ಕೇಳಿದಾಗ, 4 ಅಂದರೆ ಬಾಗಿಲು ಬಂದ್.

ಎಜಿಪಿ440ಗೆ 4 ಹಾಕಿದೆ. ಎಕ್ಸ್‌ಪಿ ಬಂತು. ಆ ಹಸಿರು ಗುಡ್ಡದ ವಾಲ್‌ಪೇಪರ್, ಅದರ ಮೇಲೆ ಮಂಡಿಯ ಸಾಫ್ಟ್‌ವೇರಿನ ಐಕಾನ್. ತೆರೆದರೆ ನುಡಿ ಅಕ್ಷರಗಳು ಮುತ್ತಿನಂತೆ. ಮೂರು ದಿನ ಓಡಿಸಿದೆ. ಬೇಕಂತಲೇ ಹತ್ತಾರು ಸಲ ರೀಸ್ಟಾರ್ಟ್ ಮಾಡಿದೆ. ಒಂದು ಸಲವೂ ಮುಗ್ಗರಿಸಲಿಲ್ಲ. ಎಜಿಪಿ440 ಬಗ್ಗೆ ನಾನು ಬರೆದಿಟ್ಟುಕೊಂಡಿದ್ದ ಹಳೇ ನೋಟ್‌ಬುಕ್ಕಿನ ಅದೇ ಪುಟದಲ್ಲಿ, ಎರಡು ಸಾಲು ಕೆಳಗೆ, ಇನ್ನೊಂದು ಡ್ರೈವರಿನ ಹೆಸರೂ ಇತ್ತು. ಓದಿದೆ ಕೂಡ. ಓಡ್ತಿದೆಯಲ್ಲ, ಇರ್ಲಿ ಬಿಡು ಅಂದುಕೊಂಡೆ. ಈಗ ನೆನೆಸಿಕೊಂಡರೆ ನಗು ಬರುತ್ತೆ. ಆವತ್ತು ಬಂದಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ವಿಡಿಐಯನ್ನು ಯುಎಸ್‌ಬಿ ಡಿಸ್ಕಿಗೆ ಹಾಕಿಕೊಂಡು ಮಂಡ್ಯಕ್ಕೆ ರೈಲು ಹತ್ತಿದೆ. ಯಾರ್ಡಿಗೆ ಹೋಗುವಷ್ಟರಲ್ಲಿ ಬೆಲ್ಲದ ಟೆಂಪೋಗಳು ಸಾಲಾಗಿ ನಿಂತಿದ್ದವು. ಡಿಸ್ಕ್ ಬಿಚ್ಚಿದ ದಿನದಿಂದ ಹಳೇ ಪೆಟ್ಟಿಗೆ ಪೂರ್ತಿ ಮಲಗಿತ್ತು. ಗುಮಾಸ್ತೆ ಕಾರ್ಬನ್ ಹಾಳೆ ಇಟ್ಟುಕೊಂಡು ಕೈಯಲ್ಲಿ ಚೀಟಿ ಬರೆಯುತ್ತಾ, ನನ್ನನ್ನು ದೇವರು ಬಂದ ಹಾಗೆ ನೋಡಿದರು.

ವರ್ಚುವಲ್‌ಬಾಕ್ಸ್ ಹಾಕಿ ವಿಎಂ ಶುರುಮಾಡಿದರೆ, ಎಎಂಡಿ-ವಿ (ವಿಎಂ ಓಡಿಸಲು ಪ್ರೊಸೆಸರಿನಲ್ಲೇ ಇರುವ ಸಹಾಯ) ಬಯಾಸಿನಲ್ಲಿ ಆಫ್ ಆಗಿದೆ ಅಂತ ಬಂತು. ಇದು ಮಾಮೂಲಿ. 6.1ನೇ ಆವೃತ್ತಿಯಿಂದ ವರ್ಚುವಲ್‌ಬಾಕ್ಸಿಗೆ ಪ್ರೊಸೆಸರಿನ ಈ ಸಹಾಯ ಇಲ್ಲದೆ ಕೆಲಸವಾಗಲ್ಲ. ಬಯಾಸಿಗೆ ಹೋಗಿ ಎಸ್‌ವಿಎಂ ಮೋಡ್ ಆನ್ ಮಾಡಿದೆ. ಮತ್ತೆ ಶುರು.

ಲೋಗೋ ಬಂತು. ಪಟ್ಟಿ ಎರಡು ಸುತ್ತು ಓಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಏನೋ ನೀಲಿ ಮಿಂಚಿತು. ಮತ್ತೆ ಲೋಗೋ. ಮತ್ತೆ ನೀಲಿ. ಮತ್ತೆ ಲೋಗೋ.

ಯಜಮಾನರು ಹಿಂದೆ ನಿಂತು ಎಲ್ಲ ನೋಡುತ್ತಿದ್ದರು. "ಏನ್ ಸಾರ್, ಮೈಸೂರಲ್ಲಿ ಓಡ್ತು ಅಂದ್ರಲ್ಲ. ಮಂಡ್ಯದ ನೀರು ಒಗ್ಗನಿಲ್ವಾ?"

"ಒಗ್ಗಿಸ್ತೀನಿ ಯಜಮಾನ್ರೇ, ಒಂದು ಟೀ ಹೇಳಿ" ಅಂದೆ. ಒಳಗೆ ಪುಕುಪುಕು ಅನ್ನುತ್ತಿತ್ತು.

ಮೊದಲು ನನಗೆ ಬಂದ ಅನುಮಾನ ಫೈಲಿನ ಮೇಲೆ. ರೈಲಿನಲ್ಲಿ ಬ್ಯಾಗು ಬಿದ್ದಿತ್ತು, ಡಿಸ್ಕಿಗೆ ಏಟಾಗಿ ವಿಡಿಐ ಕೆಟ್ಟಿರಬಹುದಾ? ಮನೆಯಲ್ಲಿ ಎಸ್‌ಎಚ್‌ಎ256 ಲೆಕ್ಕ (ಫೈಲಿನ ಬೆರಳಚ್ಚು ಇದ್ದ ಹಾಗೆ) ತೆಗೆದು ಬರೆದಿಟ್ಟುಕೊಂಡಿದ್ದೆ. ಅದೊಂದು ಒಳ್ಳೇ ಅಭ್ಯಾಸ ನನಗಿದೆ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡಿನಿಂದ, ವಿಎಂ ಇನ್ನೂ ಮುಟ್ಟದ ಯುಎಸ್‌ಬಿ ಡಿಸ್ಕಿನ ಪ್ರತಿಯದ್ದೇ ಲೆಕ್ಕ ತೆಗೆದೆ. ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಫೈಲಿನದ್ದು ತಪ್ಪಿಲ್ಲ.

ಎರಡನೇ ಅನುಮಾನ ಆಮೆಯ ಮೇಲೆ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಒಂದು ಹಸಿರು ಆಮೆ ಕೂತಿತ್ತು. ವಿಂಡೋಸಿನದ್ದೇ ವಿಎಂ ವ್ಯವಸ್ಥೆ ಹೈಪರ್-ವಿ ಒಳಗೊಳಗೇ ಓಡುತ್ತಿದ್ದರೆ ಈ ಆಮೆ ಬರುತ್ತೆ. ಪ್ರೊಸೆಸರನ್ನು ಅದು ಮೊದಲೇ ಹಿಡಿದಿರುತ್ತೆ, ವರ್ಚುವಲ್‌ಬಾಕ್ಸ್ ಅದರ ಮರ್ಜಿಯಲ್ಲಿ ನಿಧಾನಕ್ಕೆ ಓಡಬೇಕು. ಆಮೆ ಅಂತ ಹೆಸರಿಟ್ಟವರಿಗೆ ನಮಸ್ಕಾರ. ಅದನ್ನು ಬಳಸುವ ಮೆಮೊರಿ ಇಂಟಿಗ್ರಿಟಿ ಅನ್ನುವ ಭದ್ರತೆಯನ್ನು ಆಫ್ ಮಾಡಿ, ಬಿಸಿಡಿಎಡಿಟ್ ಕಮಾಂಡಿನಲ್ಲಿ ಹೈಪರ್‌ವೈಸರ್ ಲಾಂಚ್ ಟೈಪನ್ನೂ ಆಫ್ ಮಾಡಿ, ಹೋಸ್ಟ್, ಅಂದರೆ ಹೊರಗಿನ ನಿಜವಾದ ಕಂಪ್ಯೂಟರ್, ರೀಸ್ಟಾರ್ಟ್ ಮಾಡಿದೆ. ಆಮೆ ಹೋಯಿತು. ವಿಎಂ ಚುರುಕಾಯಿತು. ಚುರುಕಾಗಿಯೇ ನೀಲಿಗೆ ಬಿತ್ತು.

ಇಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಟೀ ಬಂತು. ಟೀ ಕುಡಿಯುತ್ತಾ, ಮೊದಲು ನೀಲಿ ಪರದೆಯನ್ನೇ ನಿಲ್ಲಿಸಿ ಓದಬೇಕಲ್ವಾ ಅನ್ನಿಸಿತು. ಓದದೆ ಊಹೆ ಮೇಲೆ ಕೈ ಹಾಕುತ್ತಿದ್ದೆ. ಎಫ್8 ಮೆನುವಿನಲ್ಲಿ, ಸಿಸ್ಟಮ್ ಕೆಟ್ಟರೆ ತಾನಾಗೇ ರೀಸ್ಟಾರ್ಟ್ ಆಗಬೇಡ ಅನ್ನುವ ಒಂದು ಸಾಲಿದೆ. ಅದನ್ನು ಒತ್ತಿದೆ. ಈ ಸಲ ನೀಲಿ ನಿಂತಿತು.

ಸ್ಟಾಪ್ ಕೋಡ್ 7ಇ. ಅಂದರೆ ಕರ್ನಲ್ಲಿನ ಒಂದು ಥ್ರೆಡ್ಡಿನಲ್ಲಿ ತಪ್ಪು ನಡೆಯಿತು, ಅದನ್ನು ಹಿಡಿಯುವವರು ಯಾರೂ ಇರಲಿಲ್ಲ ಅಂತ. ಇಷ್ಟರಿಂದ ಏನೂ ಗೊತ್ತಾಗಲ್ಲ. ಆದರೆ ಅದರ ಕೆಳಗೆ ಒಂದು ಹೆಸರು ಇತ್ತು. ಇಂಟೆಲ್‌ಪಿಪಿಎಂ ಡಾಟ್ ಸಿಸ್.

ನೋಟ್‌ಬುಕ್ಕಿನ ಎರಡು ಸಾಲು ಕೆಳಗಿನ ಹೆಸರು ಅದೇ.

ವಿಂಡೋಸಿನ ಮಿನಿಡಂಪ್ ಫೋಲ್ಡರ್, ಅಂದರೆ ಕ್ರ್ಯಾಶ್ ಆದಾಗಿನ ದಾಖಲೆ ಬರೆದಿಡುವ ಜಾಗ, ಆಮೇಲೆ ನೋಡಿದೆ. ಖಾಲಿ. ಅದೂ ಒಂದು ಸುಳಿವೇ. ಡಂಪ್ ಬರೆಯೋದಕ್ಕೆ ಪೇಜ್ ಫೈಲ್ (ಮೆಮೊರಿಗೆ ಡಿಸ್ಕಿನಲ್ಲಿರುವ ಬದಲಿ ಜಾಗ) ಬೇಕು. ಈ ಡ್ರೈವರಿನ ಸ್ಟಾರ್ಟ್ ಬೆಲೆ 1, ಪೇಜ್ ಫೈಲ್ ಸಿದ್ಧವಾಗುವ ಮೊದಲೇ ಎದ್ದು ಬರುತ್ತೆ. ಅಷ್ಟು ಮುಂಚೆ ಬಿದ್ದರೆ ಬರೆದಿಡಲು ಜಾಗವೇ ಇರಲ್ಲ. ಮತ್ತೆ ಮತ್ತೆ ನೀಲಿ ಬಂದೂ ಡಂಪ್ ಇಲ್ಲ ಅಂದರೆ, ಬೂಟಿನ ಶುರುವಿನಲ್ಲೇ ಏಳುವ ಡ್ರೈವರುಗಳ ಕಡೆ ನೋಡಬೇಕು.

ಪಿಪಿಎಂ ಅಂದರೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್. ಕೆಲಸ ಕಡಿಮೆ ಇದ್ದಾಗ ಪ್ರೊಸೆಸರಿನ ವೇಗ ಇಳಿಸೋದು, ಸುಮ್ಮನಿದ್ದಾಗ ಮಲಗಿಸೋದು ಇದರ ಕೆಲಸ. ನಮ್ಮ ಕಡೆಯವರಿಗೆ ಹೇಳಬೇಕು ಅಂದರೆ ಇದು ನೀರುಗಂಟಿ. ನಾಲೆಯಲ್ಲಿ ನೀರು ಎಷ್ಟಿದೆ, ಯಾವ ಗದ್ದೆಗೆ ಎಷ್ಟು ಬಿಡಬೇಕು ಅಂತ ನೋಡಿಕೊಂಡು ತೂಬು ಎತ್ತುತ್ತಾನೆ, ಇಳಿಸುತ್ತಾನೆ. ಪ್ರೊಸೆಸರಿನ ತೂಬು ಅಂದರೆ ಎಂಎಸ್‌ಆರ್, ಮಾಡೆಲ್ ಸ್ಪೆಸಿಫಿಕ್ ರಿಜಿಸ್ಟರುಗಳು. ಹೆಸರೇ ಹೇಳುತ್ತೆ, ಆಯಾ ಮಾಡೆಲ್ಲಿಗೆ ಬೇರೆ ಬೇರೆ. ಇಂಟೆಲ್ಲಿನಲ್ಲಿ ಒಂದು ನಂಬರಿನಲ್ಲಿ ವೇಗದ ತೂಬು ಇದ್ದರೆ, ಎಎಂಡಿಯಲ್ಲಿ ಅದೇ ನಂಬರಿನಲ್ಲಿ ಏನೂ ಇರದೇ ಇರಬಹುದು. ಇಲ್ಲದ ತೂಬಿಗೆ ಕೈ ಹಾಕಿದರೆ ಪ್ರೊಸೆಸರ್ ಸುಮ್ಮನಿರಲ್ಲ, ತಪ್ಪು ಅಂತ ಕೂಗುತ್ತೆ. ಸಾಮಾನ್ಯ ಪ್ರೋಗ್ರಾಮ್ ಹೀಗೆ ಮಾಡಿದರೆ ಆ ಪ್ರೋಗ್ರಾಮ್ ಒಂದು ಮುಚ್ಚಿಹೋಗುತ್ತೆ. ಡ್ರೈವರ್ ಕರ್ನಲ್ ಒಳಗೇ ಇರುವುದರಿಂದ ಇಡೀ ವಿಂಡೋಸ್ ಬಿದ್ದುಹೋಗುತ್ತೆ.

ಹಾಗಾದರೆ ಮೈಸೂರಲ್ಲಿ ಹೇಗೆ ಓಡಿತು? ನನ್ನ ಲ್ಯಾಪ್‌ಟಾಪ್ ಇಂಟೆಲ್. ವರ್ಚುವಲ್‌ಬಾಕ್ಸ್ ಡಿಸ್ಕು, ನೆಟ್‌ವರ್ಕ್ ಕಾರ್ಡು, ಚಿಪ್‌ಸೆಟ್ಟು ಎಲ್ಲ ನಕಲಿ ಮಾಡಿ ತೋರಿಸುತ್ತೆ. ಆದರೆ ಪ್ರೊಸೆಸರಿನ ಹೆಸರು ಮಾತ್ರ ಹೋಸ್ಟಿನದ್ದನ್ನೇ ಒಳಗೆ ಬಿಡುತ್ತೆ. ಹೋಸ್ಟ್ ಇಂಟೆಲ್ ಆದರೆ ಒಳಗಿನ ಎಕ್ಸ್‌ಪಿಗೂ ಇಂಟೆಲ್ ಕಾಣುತ್ತೆ. ಆ ನೀರುಗಂಟಿಗೆ ತನ್ನ ಊರೇ ಕಂಡಿತು, ಮಾಡೋಕೆ ಕೆಲಸ ಇಲ್ಲದಿದ್ದರೂ ಜಗಳ ತೆಗೆಯಲಿಲ್ಲ. ಮಂಡ್ಯಕ್ಕೆ ಬಂದಾಗ ಊರೇ ಬೇರೆ. ಪಕ್ಕಾ ಮಾಡಿಕೊಳ್ಳೋಣ ಅಂತ ಎರಡೂ ಕಡೆಯ ವಿಬಾಕ್ಸ್ ಡಾಟ್ ಲಾಗ್ ಫೈಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಉದ್ದದ ಫೈಲುಗಳು. ಆದರೆ ಸಿಪಿಯುಐಡಿ ಭಾಗದಲ್ಲಿ ವೆಂಡರ್ ಅನ್ನುವ ಒಂದು ಸಾಲು ಸಾಕು. ಒಂದರಲ್ಲಿ ಜೆನ್ಯುಯಿನ್ ಇಂಟೆಲ್, ಇನ್ನೊಂದರಲ್ಲಿ ಅಥೆಂಟಿಕ್ ಎಎಂಡಿ. ಮೂರು ದಿನ ನಾನು ಮಾಡಿದ ಪರೀಕ್ಷೆ ತಪ್ಪು ಮಷೀನಿನ ಮೇಲೆ ಮಾಡಿದ್ದು.

ಇದು ಹೊಸ ರೋಗವೂ ಅಲ್ಲ. 2008ರಲ್ಲಿ ಎಕ್ಸ್‌ಪಿಯ ಮೂರನೇ ಸರ್ವೀಸ್ ಪ್ಯಾಕ್ ಬಂದಾಗ, ಕೆಲವು ಎಎಂಡಿ ಡೆಸ್ಕ್‌ಟಾಪುಗಳು ಇದೇ ರೀತಿ ರೀಸ್ಟಾರ್ಟ್ ಸುಳಿಗೆ ಬಿದ್ದಿದ್ದವು. ಇಂಟೆಲ್ ಮಷೀನಿನಲ್ಲಿ ತಯಾರು ಮಾಡಿದ ವಿಂಡೋಸ್ ಇಮೇಜನ್ನೇ ಫ್ಯಾಕ್ಟರಿಯಲ್ಲಿ ಎಎಂಡಿ ಮಷೀನುಗಳಿಗೂ ಹಾಕಿದ್ದರು. ಅಲ್ಲಿ ವಿಎಂ ಏನೂ ಇರಲಿಲ್ಲ. ಡಿಸ್ಕನ್ನು ಒಂದು ಪ್ರೊಸೆಸರಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋದದ್ದೇ ಕಾರಣ. ನಾನು ರೈಲಿನಲ್ಲಿ ಹೊತ್ತುಕೊಂಡು ಹೋದೆ, ಅಷ್ಟೇ ವ್ಯತ್ಯಾಸ.

ಸರಿ, ಔಷಧ. ಕೈ ಹಾಕುವ ಮೊದಲು ಸ್ನ್ಯಾಪ್‌ಶಾಟ್ ತೆಗೆದೆ. ಆಮೇಲೆ ಎಕ್ಸ್‌ಪಿ ಸಿಡಿಯ ಐಎಸ್‌ಓ ಹಾಕಿ ರಿಕವರಿ ಕನ್ಸೋಲಿಗೆ ಹೋದೆ. ಅಲ್ಲಿ ಡಿಸೇಬಲ್ ಅಂತ ಬರೆದು ಡ್ರೈವರಿನ ಹೆಸರು ಕೊಟ್ಟರೆ ಒಂದೇ ಸಾಲಿನಲ್ಲಿ ಮುಗಿಯುತ್ತೆ, ಹಳೇ ಸ್ಟಾರ್ಟ್ ಬೆಲೆ ಏನಿತ್ತು ಅಂತಲೂ ತೋರಿಸುತ್ತೆ. ಆದರೆ ಅದಕ್ಕೂ ಮುಂಚೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿತು. ಖಾಲಿ ಎಂಟರ್ ಹೊಡೆದೆ, ಆಗಲಿಲ್ಲ. ಮಂಡಿಯ ಹೆಸರು, ಆಗಲಿಲ್ಲ. ಗುಮಾಸ್ತೆ ಯೋಚನೆ ಮಾಡಿ, "ಆಗ ಹಾಕ್ಕೊಟ್ಟೋರು ಏನೋ ಚೀಟೀಲಿ ಬರ್‍ಕೊಟ್ಟಿದ್ರು ಸಾರ್, ಗಲ್ಲಾಪೆಟ್ಟಿಗೇಲಿ ಇತ್ತು" ಅಂದರು. ಗಲ್ಲಾಪೆಟ್ಟಿಗೆಯಲ್ಲಿ ಹರಿದ ನೋಟು, ಎರಡು ಬೀಗದ ಕೈ, ಗೌರಿ ಹಬ್ಬದ ಬಳೆ ಅಂಗಡಿ ರಸೀತಿ ಸಿಕ್ಕವು. ಚೀಟಿ ಸಿಗಲಿಲ್ಲ.

ಸೇಫ್ ಮೋಡ್ ಹಾಕಿ ನೋಡಿದೆ. ಬಂತು! ಎಜಿಪಿ440 ಮೊದಲೇ ಬಂದ್ ಆಗಿದ್ದರಿಂದ ದಾರಿ ತೆರೆದಿತ್ತು, ಇಂಟೆಲ್‌ಪಿಪಿಎಂ ಸೇಫ್ ಮೋಡಿನಲ್ಲಿ ಏಳುವುದಿಲ್ಲ. ಗುಮಾಸ್ತೆಯ ಅಕೌಂಟಿಗೆ ಪಾಸ್‌ವರ್ಡೂ ಇಲ್ಲ, ಅಡ್ಮಿನ್ ಅಧಿಕಾರವೂ ಇದೆ. ಬೇರೆ ದಿನ ಆಗಿದ್ದರೆ ಬಯ್ಯುತ್ತಿದ್ದೆ, ಆವತ್ತು ಕೈ ಮುಗಿದೆ. ರೆಜ್‌ಎಡಿಟ್ ತೆಗೆದು, ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್, ಇಂಟೆಲ್‌ಪಿಪಿಎಂ. ಸ್ಟಾರ್ಟ್ 1 ಇದ್ದದ್ದು 4 ಆಯಿತು. ರೀಸ್ಟಾರ್ಟ್.

ಲೋಗೋ. ಪಟ್ಟಿ. ಹಸಿರು ಗುಡ್ಡ. ಗುಮಾಸ್ತೆ ಚಪ್ಪಾಳೆ ತಟ್ಟಿಯೇಬಿಟ್ಟರು.

ಕೆಳಗೆ ಬಲಗಡೆ ಒಂದು ಗುಳ್ಳೆ ಎದ್ದಿತು. ಹೊಸ ಹಾರ್ಡ್‌ವೇರ್ ಸಿಕ್ಕಿದೆ, ಪ್ರೊಸೆಸರ್ ಅಂತ. ಒಳ್ಳೇದು, ತಾನೇ ಸರಿಯಾದ ಡ್ರೈವರ್ ಹಾಕಿಕೊಳ್ಳಲಿ ಅಂತ ಬಿಟ್ಟೆ. ಮುಗಿದ ಮೇಲೆ ರೀಸ್ಟಾರ್ಟ್ ಕೇಳಿತು, ಮಾಡಿದೆ.

ನೀಲಿ.

ಚಪ್ಪಾಳೆ ತಟ್ಟಿದ ಕೈ ಅಲ್ಲೇ ನಿಂತಿತು. ಈ ಸಲದ ಹೆಸರು ಪ್ರೊಸೆಸ್ಆರ್ ಡಾಟ್ ಸಿಸ್. ಇದು ಯಾವ ಕಂಪನಿಯದ್ದೂ ಅಲ್ಲ, ಎಲ್ಲ ಪ್ರೊಸೆಸರಿಗೂ ಆಗುತ್ತೆ ಅಂತ ಮೈಕ್ರೋಸಾಫ್ಟ್ ಇಟ್ಟಿದ್ದ ಸಾಮಾನ್ಯ ಡ್ರೈವರ್. ಎಕ್ಸ್‌ಪಿ ಬಂದ ಕಾಲದಲ್ಲಿ ರೈಜನ್ ಎಲ್ಲಿತ್ತು? ತನಗೆ ಗೊತ್ತಿರುವ ಎಎಂಡಿಗಳ ಪಟ್ಟಿಯಲ್ಲಿ ಇದು ಸಿಗಲಿಲ್ಲ, ಕೊನೆಗೆ ಈ ಸಾಮಾನ್ಯದವನನ್ನು ಕರೆದು ಕೂರಿಸಿತು. ಅವನೂ ನೀರುಗಂಟಿಯೇ. ವಿಎಂ ಒಳಗೆ ತೂಬೇ ಇಲ್ಲ ಅಂದ ಮೇಲೆ ಇಂಟೆಲ್ ಊರಿನವನಾದರೇನು, ಯಾವ ಊರಿನವನಾದರೇನು?

ಮತ್ತೆ ಸೇಫ್ ಮೋಡ್. ಈ ಸಲ ಸರ್ವೀಸಸ್ ಒಳಗೆ ಪ್ರೊಸೆಸರ್ ಅನ್ನುವ ಕೀ. ಫೈಲಿನ ಹೆಸರು ಪ್ರೊಸೆಸ್ಆರ್, ಸರ್ವೀಸಿನ ಹೆಸರು ಪ್ರೊಸೆಸರ್. ಇದರಲ್ಲಿ ಐದು ನಿಮಿಷ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ. ಅದಕ್ಕೂ 4. ಹಂಗೇ ಪಕ್ಕದಲ್ಲಿ ಎಎಂಡಿಕೆ8, ಪಿ3 ಅಂತ ಅದೇ ಕುಲದ ಇನ್ನೆರಡು ಸಿಕ್ಕರೆ ಅವಕ್ಕೂ 4 ಹಾಕಬಹುದು. ಈ ಮಷೀನಿನಲ್ಲಿ ಇರಲಿಲ್ಲ.

ರೀಸ್ಟಾರ್ಟ್ ಮಾಡಿದೆ, ಬಂತು. ಇನ್ನೊಂದು ಸಲ, ಬಂತು. ಪವರ್ ಆಫ್ ಮಾಡಿ ಆನ್ ಮಾಡಿದೆ, ಬಂತು. ಈ ಸಲ ಗುಮಾಸ್ತೆ ಚಪ್ಪಾಳೆ ತಟ್ಟಲಿಲ್ಲ, ಹುಷಾರಾಗಿದ್ದರು.

ಒಂದು ಅನುಮಾನ ಉಳಿದಿತ್ತು. ಪವರ್ ನೋಡಿಕೊಳ್ಳುವವನನ್ನೇ ಮನೆಗೆ ಕಳಿಸಿದರೆ ಪ್ರೊಸೆಸರ್ ಇಡೀ ದಿನ ಫುಲ್ ವೇಗದಲ್ಲಿ ಉರಿಯುತ್ತಾ? ಇಲ್ಲ. ನಿಜವಾದ ತೂಬಿನ ಕೀಲಿ ಹೋಸ್ಟಿನ ಕೈಯಲ್ಲಿದೆ, ವಿಂಡೋಸ್ 11 ತನ್ನ ರೈಜನ್ ಡ್ರೈವರಿನಿಂದ ವೇಗ ಏರಿಸುತ್ತೆ, ಇಳಿಸುತ್ತೆ. ಒಳಗಿನ ಎಕ್ಸ್‌ಪಿ ಕೆಲಸ ಇಲ್ಲದಾಗ ಎಚ್‌ಎಲ್‌ಟಿ ಅನ್ನುವ ಒಂದು ಮಾಮೂಲಿ ಸೂಚನೆ ಕೊಡುತ್ತೆ, ಅದಕ್ಕೆ ಈ ಡ್ರೈವರ್ ಬೇಕಿಲ್ಲ. ಮಾತು ಬೇಡ ಅಂತ ಟಾಸ್ಕ್ ಮ್ಯಾನೇಜರ್ ತೆಗೆದು ಹತ್ತು ನಿಮಿಷ ನೋಡಿದೆ. ವಿಎಂ ಸುಮ್ಮನಿದ್ದಾಗ ಶೇಕಡಾ 1, 2. ಅಷ್ಟೇ.

ಎಕ್ಸ್‌ಪಿಯ ಡಿವೈಸ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ಪಕ್ಕ ಒಂದು ಹಳದಿ ಗುರುತು ನಿಂತಿದೆ. ಕೋಡ್ 32, ಈ ಸಾಧನದ ಡ್ರೈವರ್ ಬಂದ್ ಮಾಡಲಾಗಿದೆ ಅಂತ. ಹೌದು, ನಾವೇ ಮಾಡಿದ್ದು. ಅದನ್ನು ಸರಿಪಡಿಸಲು ಯಾರೂ ಕೈ ಹಾಕಬಾರದು ಅಂತ ಡೆಸ್ಕ್‌ಟಾಪಿನಲ್ಲೇ ಒಂದು ನೋಟ್‌ಪ್ಯಾಡ್ ಫೈಲ್ ಬರೆದಿಟ್ಟೆ.

ವರ್ಚುವಲ್‌ಬಾಕ್ಸ್ ಬಿಟ್ಟು ಲಿನಕ್ಸಿನ ಕೆವಿಎಂ ಬಳಸುವವರಿಗೆ ಒಂದು ಮಾತು. ಅಲ್ಲಿ ಇಗ್ನೋರ್ ಎಂಎಸ್‌ಆರ್ಸ್ ಅಂತ ಮಾಡ್ಯೂಲಿಗೆ ಒಂದು ಆಯ್ಕೆ ಇದೆ. ಅದಕ್ಕೆ 1 ಕೊಟ್ಟರೆ, ಒಳಗಿನ ವಿಎಂ ಇಲ್ಲದ ತೂಬಿಗೆ ಕೈ ಹಾಕಿದರೂ ಕೆವಿಎಂ ಕೂಗಾಡದೆ ಸುಮ್ಮನಿರುತ್ತೆ. ನನಗೆ ಮಾತ್ರ ಡ್ರೈವರನ್ನೇ ಬಂದ್ ಮಾಡುವುದು ಜಾಸ್ತಿ ಇಷ್ಟ. ಹೋಸ್ಟನ್ನು ಕಿವುಡು ಮಾಡಿದರೆ ನಾಳೆ ಬೇರೆ ಏನಾದರೂ ನಿಜವಾಗಿ ಕೆಟ್ಟಾಗಲೂ ಕೇಳಿಸಲ್ಲ.

ಮಿಕ್ಕಿದ್ದು ಬೇಗ ಆಯಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಯುಎಸ್‌ಬಿ ಮೂಲಕ ವಿಎಂಗೇ ಬಿಟ್ಟುಕೊಟ್ಟೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ, ಅದಕ್ಕೆ ಇಂಟರ್ನೆಟ್ ತೋರಿಸುವ ಹಾಗಿಲ್ಲ. ವಿಎಂನ ನೆಟ್‌ವರ್ಕ್ ಕಾರ್ಡನ್ನೇ ಕಿತ್ತುಹಾಕಿದೆ. ದಿನಾ ರಾತ್ರಿ ವಿಎಂ ಮುಚ್ಚಿದ ಮೇಲೆ ಅದರ ಫೋಲ್ಡರ್ ಪೂರ್ತಿ ಇನ್ನೊಂದು ಡಿಸ್ಕಿಗೆ ಕಾಪಿ ಆಗುವ ಹಾಗೆ ಒಂದು ಬ್ಯಾಚ್ ಫೈಲ್ ಮಾಡಿದೆ. ತಕ್ಕಡಿಗೆ ಯುಎಸ್‌ಬಿಯಿಂದ ಸೀರಿಯಲ್ ಕೇಬಲ್. ಹೋಸ್ಟಿನಲ್ಲಿ ಅದು ಕಾಮ್3 (ಸೀರಿಯಲ್ ಪೋರ್ಟಿನ ಹೆಸರು) ಆಗಿ ಬಂತು, ವಿಎಂ ಒಳಗೆ ಕಾಮ್1 ಆಗಿ ಕಾಣುವಂತೆ ಜೋಡಿಸಿದೆ. ಹಳೇ ಸಾಫ್ಟ್‌ವೇರಿಗೆ ಕಾಮ್1 ಬಿಟ್ಟು ಬೇರೆ ಗೊತ್ತಿಲ್ಲ. ತಕ್ಕಡಿ ಮೇಲೆ ಒಂದು ಪೆಟ್ಟಿಗೆ ಅಚ್ಚು ಬೆಲ್ಲ ಇಟ್ಟರು. ಪರದೆಯಲ್ಲಿ ತೂಕ ಬಂತು, ಪ್ರಿಂಟರ್ ಕಿರ್ ಕಿರ್ ಅಂತ ಚೀಟಿ ಉಗುಳಿತು. ಯಜಮಾನರು ಚೀಟಿ ಹರಿದು, ಕನ್ನಡಕ ಏರಿಸಿ, ಲೆಕ್ಕ ನೋಡಿ ತಲೆ ಆಡಿಸಿದರು. ಹೊರಡುವಾಗ ಎರಡು ಕೆಜಿ ಬೆಲ್ಲ ಕಟ್ಟಿಕೊಟ್ಟರು, ಬೇಡ ಅನ್ನಲಿಲ್ಲ.

ಎರಡು ವಾರ ಬಿಟ್ಟು ಫೋನ್ ಬಂತು. ತೂಕ ಬರ್ತಿಲ್ಲ ಸಾರ್ ಅಂತ. ಎದೆ ಧಸಕ್ ಅಂದಿತು. ನೀಲಿ ಬಂತಾ ಅಂದೆ. ಇಲ್ಲ, ಎಲ್ಲ ಸರಿ ಇದೆ, ತೂಕ ಒಂದೇ ಇಲ್ಲ. ವಿಚಾರಿಸಿದರೆ, ಕಸ ಗುಡಿಸುವಾಗ ಕೇಬಲ್ ಬಿಚ್ಚಿ ಪಕ್ಕದ ಯುಎಸ್‌ಬಿ ತೂತಿಗೆ ಹಾಕಿದ್ದಾರೆ. ಇಂಥ ಅಗ್ಗದ ಕೇಬಲ್ಲುಗಳಿಗೆ ತಮ್ಮದೇ ಸೀರಿಯಲ್ ನಂಬರ್ ಇರಲ್ಲ. ತೂತು ಬದಲಾದರೆ ವಿಂಡೋಸ್ ಅದನ್ನು ಹೊಸ ಕೇಬಲ್ ಅಂದುಕೊಂಡು ಕಾಮ್4 ಅಂತ ಬೇರೆ ಹೆಸರಿಡುತ್ತೆ. ವಿಎಂ ಪಾಪ ಕಾಮ್3ನ್ನೇ ಕಾಯುತ್ತಾ ಕೂತಿರುತ್ತೆ. ಮೊದಲಿದ್ದ ತೂತಿಗೇ ಹಾಕಿ, ಆ ತೂತಿಗೆ ಏನಾದರೂ ಗುರುತು ಮಾಡಿ ಅಂದೆ.

ಮುಂದಿನ ಸಲ ಹೋದಾಗ ಹೊಸ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿದೆ. ಯಜಮಾನರು ಸರಿಯಾದ ಯುಎಸ್‌ಬಿ ತೂತಿನ ಪಕ್ಕದಲ್ಲಿ ದುಂಡಗೆ ಕುಂಕುಮ ಇಟ್ಟಿದ್ದರು.